ಪೂಲು ಮುಚ್ಚುವ ವಾರ ಬಂದ ಗಣಪತಿಗಳು

ತೆರೆಯುವ ಕೆಲಸಕ್ಕೆ ಜನ ಸಿಗುತ್ತಾರೆ, ಮುಚ್ಚುವ ಕೆಲಸಕ್ಕೆ ಸಿಗುವುದಿಲ್ಲ. ಅಂಗಡಿ ತೆರೆಯುವ ದಿನ ರಿಬ್ಬನ್ ಕತ್ತರಿಸಲು ನಾನು ತಾನು ಎಂದು ಸಾಲುಗಟ್ಟುವವರಲ್ಲಿ ಒಬ್ಬರಾದರೂ ಶಟರ್ ಎಳೆಯುವ ಹೊತ್ತಿಗೆ ಬಂದು ನಿಂತದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಬಿಸ್ಕತ್ತಿನ ಡಬ್ಬಿ, ಟೂತ್‌ಪೇಸ್ಟಿನ ಟ್ಯೂಬು, ಗಾರ್ಡನ್ನಿನ ಬಾಗಿಲು, ಇಂಡಿಯಾ ಹೇಗೆ ಉದ್ಧಾರವಾಗಬೇಕೆಂಬ ಚರ್ಚೆ, ಇವನ್ನೆಲ್ಲ ತೆರೆಯುವವರು ನಮ್ಮವರು. ಹಿಂದಿನಿಂದ ಒಂದೊಂದಾಗಿ ಮುಚ್ಚುತ್ತ ಬರುವವಳು ನಾನು. ಇಷ್ಟು ವರ್ಷದ ಸಂಸಾರದಲ್ಲಿ ಮುಚ್ಚುವ ವಿದ್ಯೆಯಲ್ಲಿ ನಾನು ಎಕ್ಸ್‌ಪರ್ಟ್ ಆಗಿಬಿಟ್ಟಿದ್ದೇನೆಂದು ನನಗೊಂದು ಸಣ್ಣ ಜಂಬವಿತ್ತು. ಆ ಜಂಬ ಇಳಿದದ್ದು ಹೋದ ಸೆಪ್ಟೆಂಬರಿನಲ್ಲಿ, ನನ್ನ ಸ್ವಿಮ್ಮಿಂಗ್ ಪೂಲನ್ನು ಚಳಿಗಾಲಕ್ಕೆ ಮುಚ್ಚಲು ಹೊರಟಾಗ.

ಹೌದು, ನನ್ನದೊಂದು ಸ್ವಿಮ್ಮಿಂಗ್ ಪೂಲ್ ಇದೆ. ಕೇಳಿದವರು ತಕ್ಷಣ ಸಿನಿಮಾ ನಟರ ಮನೆಯ ಅಮೃತಶಿಲೆಯ ಕೊಳವನ್ನು ಕಲ್ಪಿಸಿಕೊಂಡು ನನ್ನ ಕಡೆ ಹೊಸ ಗೌರವದಿಂದ ನೋಡುತ್ತಾರೆ. ದಯವಿಟ್ಟು ಬೇಡ. ನಮ್ಮದು ನೆಲ ಅಗೆದು ಕಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ನಮ್ಮ ಮನೆಯ ಹಿಂದಿನ ಹುಲ್ಲಿನ ಮೇಲೆ, ಕಬ್ಬಿಣದ ಕಾಲುಗಳ ಮೇಲೆ ನೀಲಿ ಪ್ಲಾಸ್ಟಿಕ್ ಹೊದ್ದು ನಿಂತಿರುವ ದೊಡ್ಡ ದುಂಡನೆಯ ತೊಟ್ಟಿ. ಮದುವೆ ಮನೆಯ ಸಾರಿನ ಹಂಡೆಯನ್ನು ಯಾರೋ ರಾಕ್ಷಸರಿಗಾಗಿ ಮಾಡಿಸಿದ ಹಾಗೆ ಕಾಣುತ್ತದೆ. ಒಳಗೆ ಹೋಗಬೇಕಾದರೆ ಏಣಿ ಹತ್ತಿ, ಆ ಕಡೆಯ ಏಣಿ ಇಳಿಯಬೇಕು. ಇಳಿದರೆ ನೀರು ನನ್ನ ಎದೆಮಟ್ಟಕ್ಕೆ ಬರುತ್ತದೆ. ಅದರ ಹಿಂದಿನ ವರ್ಷ ಬೇಸಿಗೆ ಎಂದರೆ ಬೇಸಿಗೆ. ಹುಲ್ಲೆಲ್ಲ ಒಣಗಿ ನಮ್ಮ ಚಿತ್ರದುರ್ಗದ ಕಡೆಯ ಬಯಲಿನ ಹಾಗಾಗಿತ್ತು, ಇಂಗ್ಲಿಷಿನವರು ಬಸ್‌ಸ್ಟಾಪಿನಲ್ಲಿ ಪರಸ್ಪರ ಸಂತಾಪ ಸೂಚಿಸುತ್ತಿದ್ದರು. ಲೀಡ್ಸ್‌ನಿಂದ ಮೊಮ್ಮಗಳು ರಜೆಗೆ ಬರುತ್ತಾಳೆಂದು ನನ್ನ ಮಗ ಆನ್‌ಲೈನಿನಲ್ಲಿ ಇದನ್ನು ತರಿಸಿದ. ಆ ಹುಡುಗಿ ಏಣಿ ಹತ್ತಿ, ಹೆಬ್ಬೆರಳು ಅದ್ದಿ, "ಅಜ್ಜೀ, ಇಟ್ಸ್ ಫ್ರೀಜಿಂಗ್!" ಎಂದು ಕೂಗಿ ಇಳಿದುಹೋದವಳು ಮತ್ತೆ ಫೋನಿನಿಂದ ತಲೆ ಎತ್ತಲಿಲ್ಲ. ರಜೆ ಮುಗಿಯಿತು, ಅವಳು ಹೋದಳು, ಪೂಲ್ ಉಳಿಯಿತು. ಅಷ್ಟು ನೀರು ಸುಮ್ಮನೆ ಕೂತಿದೆಯಲ್ಲ ಎಂಬ ಒಂದೇ ಕಾರಣಕ್ಕೆ ನಾನು ಇಳಿದೆ. ಮಿಕ್ಕ ಅನ್ನವನ್ನು ಚಿತ್ರಾನ್ನ ಮಾಡಿ ಬೆಳೆದ ಹೆಂಗಸು ನಾನು; ನನ್ನ ಕಣ್ಣೆದುರು ಯಾವುದೂ ವ್ಯರ್ಥವಾಗಬಾರದು.

ಇಳಿಯುವುದೇನೋ ಇಳಿದೆ, ಈಜು ಎಲ್ಲಿಂದ ಬರಬೇಕು? ಮೈಸೂರಿನಲ್ಲಿ ನಾನು ಓದಿದ್ದು ಕಾನ್ವೆಂಟಿನಲ್ಲಿ. ವರ್ಷಕ್ಕೊಮ್ಮೆ ಸಿಸ್ಟರ್ ಫಿಲೋಮಿನಾ ನಮ್ಮನ್ನು ಹೊಳೆಯ ದಂಡೆಗೆ ಪಿಕ್ನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ನೀರು ನೋಡಿ ನಾವು ಕುಣಿಯುವ ಮೊದಲೇ ಅವರ ಘೋಷಣೆ ಆಗುತ್ತಿತ್ತು: "ಗರ್ಲ್ಸ್, ಆಂಕಲ್ಸ್ ಓನ್ಲಿ!" ಕಾಲಿನ ಗಿಣ್ಣು ಮುಳುಗುವಷ್ಟು ನೀರಿನಲ್ಲಿ, ಲಂಗ ಒಂದಿಷ್ಟೇ ಎತ್ತಿ ಹಿಡಿದು, ಕೊಕ್ಕರೆಗಳ ಹಾಗೆ ಸಾಲಾಗಿ ನಿಂತು ನಾವು ಹೊಳೆಯ ಆನಂದ ಅನುಭವಿಸುತ್ತಿದ್ದೆವು. ಯೋಚಿಸಿದರೆ, ಬದುಕಿನ ಬಹುಪಾಲು ಸಂತೋಷಗಳನ್ನು ನಾನು ಹಾಗೆಯೇ ಗಿಣ್ಣು ನೆನೆಯುವಷ್ಟು ಮಾತ್ರ ಅನುಭವಿಸಿದವಳು. ಹೋಗಲಿ ಬಿಡಿ. ಎಪ್ಪತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ, ಹಳೆಯ ಚೂಡಿದಾರ ಹಾಕಿಕೊಂಡು, ಏಣಿಯ ಕಂಬಿ ಬಿಡದೆ ಎದೆಮಟ್ಟದ ನೀರಿನಲ್ಲಿ ನಿಂತಿದ್ದೆ.

ತೇಲುವುದನ್ನು ಕಲಿಸಿದವರು ನಮ್ಮವರೇ. ಅವರು ರಿಟೈರ್ ಆಗುವ ತನಕ ಆಸ್ಪತ್ರೆಯಲ್ಲಿ ಅನಸ್ತೀಷಿಯಾ ಡಾಕ್ಟರು. ಸರ್ಜನ್ ಕತ್ತರಿಸುವಾಗ ರೋಗಿಗೆ ನಿದ್ದೆ ಬರಿಸಿ ತಲೆಯ ಪಕ್ಕ ಕೂರುವ ಕೆಲಸ. ಈಜು ಅವರಿಗೂ ಬರುವುದಿಲ್ಲ. ಆದರೆ ಕಣ್ಣು ಮುಚ್ಚಿ ಅಂಗಾತ ಮಲಗಿದವರನ್ನು ನೋಡಿಕೊಳ್ಳುವುದರಲ್ಲಿ ಅವರಷ್ಟು ಅನುಭವ ಈ ಊರಿನಲ್ಲಿ ಯಾರಿಗಿದೆ? ಪೂಲಿನ ಹೊರಗೆ ಸ್ಟೂಲ್ ಹಾಕಿಕೊಂಡು, ನನ್ನ ತಲೆಯ ಹಿಂದೆ ನಿಂತು, ನೀರಿನೊಳಗೆ ಒಂದು ಕೈ ಚಾಚಿ ನನ್ನ ಕತ್ತಿನ ಕೆಳಗೆ ಕೊಟ್ಟರು. "ನಾನಿದೀನಿ ಸುಮೀ. ಮೈ ಬಿಡು. ಹತ್ತರಿಂದ ಹಿಂದಕ್ಕೆ ಎಣಿಸು" ಎಂದರು. ಅದೆಂಥ ದನಿ ಅಂತೀರಿ! ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳುವ ದನಿಯೇ ಅಲ್ಲ. ಆಪರೇಷನ್ ಮೇಜಿನ ಮೇಲೆ ಅದೆಷ್ಟು ಜನ ಗಾಬರಿಯವರು ಆ ದನಿಗೆ ಮೈ ಒಪ್ಪಿಸಿರಬೇಕು. ನಾನೂ ಒಪ್ಪಿಸಿದೆ. ಆರಕ್ಕೆ ಬರುವಷ್ಟರಲ್ಲಿ ಕಾಲು ತಾನಾಗಿ ಮೇಲೆ ಬಂತು. ಕಿವಿ ನೀರಿನೊಳಗೆ ಹೋಗಿ ಲೋಕ ಮ್ಯೂಟ್ ಆಯಿತು. ಮೇಲೆ ಬರಿ ಆಕಾಶ, ಬರ್ಮಿಂಗ್‌ಹ್ಯಾಮ್ ಏರ್‌ಪೋರ್ಟಿಗೆ ಇಳಿಯುವ ಒಂದು ವಿಮಾನ ಹೊಟ್ಟೆ ತೋರಿಸಿಕೊಂಡು ಹೋಯಿತು. ಅದರಲ್ಲಿದ್ದವರು ಕೆಳಗೆ ನೋಡಿದ್ದರೆ ನೀಲಿ ಬಟ್ಟಲಿನಲ್ಲಿ ಚೂಡಿದಾರದ ಮುದುಕಿಯೊಬ್ಬಳು ಬೋಂಡದ ಹಾಗೆ ತೇಲುವುದು ಕಂಡಿರುತ್ತಿತ್ತು. ನಾನು ನಗುತ್ತಿದ್ದೆನಂತೆ. ಅವತ್ತಿನಿಂದ ಮಳೆ ಇಲ್ಲದ ಬೆಳಿಗ್ಗೆಗಳೆಲ್ಲ ನನ್ನವು. ಪಕ್ಕದ ಮನೆಯ ಮೌರೀನ್, ನನ್ನ ವಯಸ್ಸಿನವಳೇ, ಬೇಲಿಯ ಮೇಲಿಂದ ನನ್ನ ಚೂಡಿದಾರ ನೋಡಲಾರದೆ, ಸುತ್ತ ಫ್ರಾಕಿನಂಥ ನೆರಿಗೆ ಇರುವ ಸ್ವಿಮ್ಮಿಂಗ್ ಕಾಸ್ಟ್ಯೂಮ್ ತಂದುಕೊಟ್ಟಳು. "ದೇರ್ ಯೂ ಗೋ, ಬ್ಯಾಬ್" ಎಂದಳು. ಬ್ಯಾಬ್ ಎಂದರೆ ಇಲ್ಲಿಯವರ ಬಾಯಲ್ಲಿ ನಮ್ಮ 'ಕಣಮ್ಮಾ' ಇದ್ದ ಹಾಗೆ.

ಆದರೆ ಆ ಮೊದಲ ವರ್ಷ ಚಳಿಗಾಲ ಬಂದಾಗ ನಾವು ಪೂಲನ್ನು ಹಾಗೆಯೇ ಬಿಟ್ಟೆವು. ನೀರಿಗೆ ಏನಾಗುತ್ತದೆ ಎಂಬ ಧೈರ್ಯ. ಏನಾಗುತ್ತದೆ ಎನ್ನುವುದು ಏಪ್ರಿಲಿನಲ್ಲಿ ಗೊತ್ತಾಯಿತು. ಪಕ್ಕದ ಓಕ್ ಮರದ ಎಲೆಗಳೆಲ್ಲ ಒಳಗೆ ಬಿದ್ದು ಕೊಳೆತು, ಪಾಚಿ ಕಟ್ಟಿ, ಬಸ್ಸಾರು ಹಳಸಿದ ವಾಸನೆ ಮೌರೀನಳ ಅಡುಗೆಮನೆಯ ತನಕ ಹೋಗಿತ್ತು. ಕಪ್ಪೆಗಳು ಸಂಸಾರ ಹೂಡಿದ್ದವು. ಬಕೆಟ್ಟಿನಲ್ಲಿ ಅದನ್ನೆಲ್ಲ ಮೊಗೆದು ಹಾಕಿ, ಬ್ರಷ್ಷಿನಲ್ಲಿ ಉಜ್ಜಿದವರು ನಮ್ಮವರು. ಅವರ ಸೊಂಟ ಮೇ ತಿಂಗಳ ತನಕ ನೆಟ್ಟಗಾಗಲಿಲ್ಲ. ಅವತ್ತೇ ಅವರ ತಲೆಗೆ ಗ್ರೀನ್‌ಹೌಸ್ ಹೊಕ್ಕದ್ದು. ಪೂಲ್ ನಿಂತ ಜಾಗದಲ್ಲಿ ಗಾಜಿನ ಮನೆ ಕಟ್ಟಿ ಹೀರೆಕಾಯಿ ಬೆಳೆಯಬೇಕಂತೆ. ಸೊಲಿಹಲ್‌ನಲ್ಲಿ, ಹೀರೆಕಾಯಿ! ಬೇಸಿಗೆ ಮುಗಿಯುತ್ತ ಬಂದಂತೆ ಅವರು ತಮ್ಮ ತೀರ್ಪು ಹೇಳಿದರು. "ನೋಡು ಸುಮೀ, ಈ ಸಲ ಪೂಲ್ ಮುಚ್ಚೋದು ನಿನ್ನ ಡಿಪಾರ್ಟ್‌ಮೆಂಟು. ನೀರು ಕನ್ನಡಿ ಹಾಗಿದ್ದರೆ ಮುಚ್ಚಿ ಇಟ್ಕೋ, ಮುಂದಿನ ವರ್ಷಕ್ಕೂ ಇರಲಿ. ಒಂಚೂರು ಕೊಳೆ ಇದ್ದರೂ ಬಿಚ್ಚಿ ಊರ ಕಸದ ಟಿಪ್ಪಿಗೆ ಹಾಕಿ ಬರ್ತೀನಿ. ಇನ್ನೊಂದು ಸಲ ಆ ಕಪ್ಪೆ ಸಾರು ನನ್ನ ಕೈಲಾಗಲ್ಲ."

ನ್ಯಾಯವಾದ ಮಾತು. ನಾನು ಒಪ್ಪಿದೆ. ಪೂಲಿನ ಜತೆ ಬಂದಿದ್ದ ಪುಸ್ತಿಕೆಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಓದುತ್ತ ಓದುತ್ತ ಧೈರ್ಯ ಬಂತು. ಏಕೆಂದರೆ, ಯೂ ಸೀ, ಇದು ಉಪ್ಪಿನಕಾಯಿ ಹಾಕುವ ವಿಧಾನವೇ. ಮೊದಲು ಎಲ್ಲ ಶುದ್ಧವಿರಬೇಕು, ಕಸಕಡ್ಡಿ ಇರಬಾರದು. ಆಮೇಲೆ ಕೆಡದ ಹಾಗೆ ಹಾಕುವುದನ್ನು ಹಾಕಬೇಕು, ಇಲ್ಲಿ ಉಪ್ಪಿನ ಬದಲು ಕ್ಲೋರೀನು. ನೀರನ್ನು ಅಂಚಿನಿಂದ ಒಂದಿಷ್ಟು ಕೆಳಗೆ ಇಳಿಸಬೇಕು. ಕೊನೆಗೆ ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ಕಾಲ ಬರುವ ತನಕ ಯಾರೂ ಕೈ ಹಾಕಬಾರದು. ಒಂದೇ ವ್ಯತ್ಯಾಸವೆಂದರೆ, ಮುಚ್ಚುವ ಹೊದಿಕೆಯ ಕೆಳಗೆ, ನೀರಿನ ನಡುವೆ ಗಾಳಿ ತುಂಬಿದ ಒಂದು ದೊಡ್ಡ ದಿಂಬನ್ನು ತೇಲಿಬಿಡಬೇಕು. ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಗೋಡೆಯನ್ನು ತಳ್ಳದೆ ಆ ದಿಂಬನ್ನು ಅದುಮಲಿ ಎಂದು. ನಮ್ಮ ಅಮ್ಮನ ಭರಣಿಗಳಿಗೆ ದಿಂಬಿನ ಯೋಗವಿರಲಿಲ್ಲ. ಒಂದು ವಾರ ನಾನು ಬಲೆ ಹಿಡಿದು ಎಲೆ ತೆಗೆದೆ, ಬ್ರಷ್ ಆಡಿಸಿದೆ, ಬಣ್ಣ ಬದಲಾಗುವ ಕಾಗದದ ಪಟ್ಟಿ ಅದ್ದಿ ನೀರಿನ ಶುಗರ್ ನೋಡಿದೆ ಎನ್ನಿ. ಶನಿವಾರದ ಹೊತ್ತಿಗೆ ನೀರು ಹೇಗಿತ್ತೆಂದರೆ, ಇದೆಯೋ ಇಲ್ಲವೋ ಎಂದು ಬೆರಳು ಅದ್ದಿ ನೋಡಬೇಕು. ಭಾನುವಾರ ಮುಚ್ಚುವುದೆಂದು ಗೊತ್ತುಮಾಡಿದೆವು.

ಶನಿವಾರ ಬೆಳಿಗ್ಗೆ ನಮ್ಮವರು ಡರ್ಬಿಗೆ ಹೊರಟರು. ಅಲ್ಲಿ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿದ್ದ ಅವರ ಗೆಳೆಯರೊಬ್ಬರು ಮನೆ ಬದಲಿಸುತ್ತಿದ್ದರು. ಹಳೆಯ ಗ್ರೀನ್‌ಹೌಸನ್ನು ಬಿಚ್ಚಿ ಕೊಡುತ್ತೇನೆ, ಬಂದು ಅಳತೆ ನೋಡು ಎಂದಿದ್ದರಂತೆ. "ನೀನು ಸೋತರೆ ರೆಡಿ ಇರಲಿ ಅಂತ ಅಷ್ಟೇ" ಎಂದು ಟೇಪು ಜೇಬಿಗೆ ಹಾಕಿಕೊಂಡರು. ಕಾರು ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ ಫೋನು ಬಂತು. ಶಾಂತಕ್ಕ. ಧಾರವಾಡದವರು, ಬರ್ಮಿಂಗ್‌ಹ್ಯಾಮಿನಲ್ಲಿ ಬಹುಕಾಲ ಜಿಪಿ, ಅಂದರೆ ಬಡಾವಣೆಯ ಡಾಕ್ಟರಾಗಿದ್ದು ರಿಟೈರ್ ಆದವರು. ನಮ್ಮಿಬ್ಬರಲ್ಲಿ ಯಾರು ದೊಡ್ಡವರೆಂಬುದು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ ಅವರಿಗೆ ನಾನು ಸುಮಿತ್ರಕ್ಕ, ನನಗೆ ಅವರು ಶಾಂತಕ್ಕ. ಬೆಂಗಳೂರಿನವರ ನಡುವೆ ಅವರದು ತೊಳೆದಿಟ್ಟ ಪುಸ್ತಕದ ಕನ್ನಡ; ಉದ್ವೇಗ ಬಂದರೆ ಮಾತ್ರ ಧಾರವಾಡ ಉಕ್ಕುತ್ತದೆ. ಅವತ್ತು ಹಲೋ ಎನ್ನುವಾಗಲೇ ಉಕ್ಕಿತ್ತು.

"ಸುಮಿತ್ರಕ್ಕಾ, ಇವತ್ತ ಗಣಪ್ಪನ್ನ ಕಳಸೂ ದಿನ ಐತಲ್ರೀ. ಪ್ರತಿ ವರ್ಷ ಬಕೀಟಿನ್ಯಾಗ ಮುಳಗಸ್ತೇನಿ. ಬಕೀಟ ಸಣ್ಣದು, ಸೊಂಡಿ ಮ್ಯಾಲೇ ಉಳೀತದ. ನನ್ನ ಕಡೆ ಹೊಳ್ಳಿ ನೋಡಿದಂಗ ಆಗತದ್ರೀ, 'ಏ ಶಾಂತಾ, ಇಷ್ಟ ಏನ ನಿನ್ನ ಭಕ್ತಿ' ಅಂದಂಗ. ನಿಮ್ಮನ್ಯಾಗ ಅಷ್ಟ ದೊಡ್ಡ ನೀರ ಐತಿ…"

ನಾನು ಉಪ್ಪಿನಕಾಯಿಯ ಮಾತು ಹೇಳಬೇಕಿತ್ತು. ಭರಣಿಗೆ ಒದ್ದೆ ಕೈ ಹಾಕಬಾರದು ಎನ್ನಬೇಕಿತ್ತು. ಆದರೆ ಗಣಪತಿಗೆ ನೀರಿಲ್ಲ ಎಂದು ಹೇಳುವ ನಾಲಿಗೆ ನನಗಿಲ್ಲ. ಅದೂ ಅಲ್ಲದೆ, ಬಕೆಟ್ಟಿನ ಮೇಲೆ ಉಳಿದ ಸೊಂಡಿಲನ್ನು ನಾನೂ ಬಲ್ಲೆ. ಈ ದೇಶಕ್ಕೆ ಬಂದಾಗಿನಿಂದ ಎಷ್ಟು ವರ್ಷ ನಾವು ದೇವರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೀಳ್ಕೊಟ್ಟಿದ್ದೇವೆ, ಮಾರನೆಯ ದಿನ ಅದೇ ಬಕೆಟ್ಟಿನಲ್ಲಿ ಬಚ್ಚಲು ಒರೆಸಬೇಕಲ್ಲ ಎಂದು ಹಿಂಜರಿದಿದ್ದೇವೆ! "ಎಷ್ಟು ದೊಡ್ಡ ಗಣಪತಿ?" ಎಂದೆ. "ಅಂಗೈಯಷ್ಟರೀ!" ಎಂದರು. ಅಂಗೈಯಷ್ಟು ಮಣ್ಣು ಅಷ್ಟು ನೀರಿಗೆ ಯಾವ ಲೆಕ್ಕ? ಬನ್ನಿ ಎಂದೆ.

ಶಾಂತಕ್ಕನ ಭಕ್ತಿಗೆ ಒಂದು ದೋಷವಿದೆ. ಒಳ್ಳೆಯದೇನು ಸಿಕ್ಕರೂ ಅವರು ಒಬ್ಬರೇ ಇಟ್ಟುಕೊಳ್ಳುವುದಿಲ್ಲ. ಮಧ್ಯಾಹ್ನ ಬೆಲ್ ಆಯಿತು ಎಂದು ಬಾಗಿಲು ತೆರೆದರೆ ರಸ್ತೆಯ ಉದ್ದಕ್ಕೂ ಕಾರುಗಳು. ಒಂದೊಂದರ ಮುಂದಿನ ಸೀಟಿನಲ್ಲೂ ಸೀಟ್ ಬೆಲ್ಟ್ ಹಾಕಿಸಿಕೊಂಡು ಗಂಭೀರವಾಗಿ ಕೂತ ಒಂದೊಂದು ಗಣಪತಿ. ಹಿಂದಿನ ಸೀಟಿನಲ್ಲಿ ಯಜಮಾನರು. ಮಗನ ಸೂಟ್‌ಕೇಸಿನಲ್ಲಿ ಮೈಸೂರಿನಿಂದ ಬಂದ ಗಣಪತಿ, ಕೂಲ್ ಬಾಕ್ಸಿನಲ್ಲಿ ಕೂತು ಬಂದ ಗಣಪತಿ, ಯೂನಿವರ್ಸಿಟಿಯ ಹುಡುಗಿಯರು ತಾವೇ ತಟ್ಟಿ ಮಾಡಿದ, ಆನೆಗಿಂತ ಹೆಚ್ಚಾಗಿ ಬೆಕ್ಕಿನ ಕಡೆಗೆ ವಾಲಿದ್ದ ಗಣಪತಿ. "ಸಾರಿ ಆಂಟಿ, ಕಿವಿ ಸ್ವಲ್ಪ ಉದುರಿದೆ" ಎಂದು ಒಬ್ಬಳು ಕಿವಿಯನ್ನು ಬೇರೆ ಪೇಪರಿನಲ್ಲಿ ಸುತ್ತಿ ತಂದಿದ್ದಳು. ಶಾಂತಕ್ಕ ನನ್ನ ಮುಖ ನೋಡದೆ, "ಬರೇ ನಾಕ ಮಂದಿಗೆ ಹೇಳಿದ್ನಿರೀ" ಎಂದರು. ಆ ನಾಕು ಮಂದಿಗೂ ಅದೇ ದೋಷವಿತ್ತೆಂದು ಕಾಣುತ್ತದೆ.

ಹೇಳಬೇಕೆಂದರೆ, ಅಷ್ಟು ಸಂತೋಷದ ಮಧ್ಯಾಹ್ನವನ್ನು ನಮ್ಮ ಹಿತ್ತಲು ಕಂಡಿರಲಿಲ್ಲ. ಜರಿ ಸೀರೆಯ ಮೇಲೆ ಫ್ಲೀಸ್ ಜಾಕೆಟ್ ಹಾಕಿಕೊಂಡ ಹೆಂಗಸರು, ಪಂಚೆಯ ಕೆಳಗೆ ಟ್ರೇನರ್ಸ್ ಶೂ ಹಾಕಿಕೊಂಡ ಡಾಕ್ಟರುಗಳು. ನಾನು ನೆರಿಗೆಯ ಕಾಸ್ಟ್ಯೂಮಿನ ಮೇಲೆ ಹಳೆಯ ರೇಷ್ಮೆ ಸೀರೆಯನ್ನು ಸುತ್ತಿಕೊಂಡು ಪೂಲಿಗೆ ಇಳಿದೆ. ಒಬ್ಬೊಬ್ಬರೂ ಏಣಿ ಹತ್ತಿ ಗಣಪತಿಯನ್ನು ನನ್ನ ಕೈಗೆ ಕೊಡುವುದು, ನಾನು ಮೂರು ಸಲ ಮುಳುಗಿಸಿ ಎತ್ತಿ ಬಿಡುವುದು, ಎಲ್ಲರೂ ಮೋರಯಾ ಎಂದು ಕೂಗುವುದು. ಯಾವ ಗಣಪತಿಯ ಸೊಂಡಿಲೂ ಮೇಲೆ ಉಳಿಯಲಿಲ್ಲ. ಶಾಂತಕ್ಕ ತಮ್ಮ ಅಂಗೈಯಷ್ಟು ಗಣಪ್ಪ ನೀಲಿ ನೀರಿನಲ್ಲಿ ನಿಧಾನವಾಗಿ ಇಳಿಯುವುದನ್ನು ಅಂಚು ಹಿಡಿದು ನೋಡುತ್ತ ನಿಂತರು. "ಈಗ ನೋಡ್ರಿ ಹೆಂಗ ಹೊಂಟಾನ, ರಾಜಾನಂಗ" ಎಂದು ಮೂಗು ಒರೆಸಿಕೊಂಡರು. ಮೌರೀನ್ ಬೇಲಿಯ ಆ ಕಡೆ ಕುರ್ಚಿಯ ಮೇಲೆ ಹತ್ತಿ ನಿಂತು, ಕೈಯಲ್ಲಿ ಮೋದಕ ಹಿಡಿದು ಎಲ್ಲವನ್ನೂ ಗಮನಿಸುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಸುಮಿ ಬ್ಯಾಬ್, ಈಸ್ ಹೀ ಮೆಂಟ್ ಟು ಮೆಲ್ಟ್ ಲೈಕ್ ದಟ್?"

ಅದೇ ತಾನೇ ಆತನ ಹಿರಿಮೆ ಎಂದು ವಿವರಿಸಲು ತಿರುಗಿದವಳು ಕೆಳಗೆ ನೋಡಿದೆ. ನನ್ನ ಕಾಲು ಕಾಣಿಸಲಿಲ್ಲ. ಮೊಣಕಾಲೂ ಇಲ್ಲ. ಕೈ ಅದ್ದಿದರೆ ಮಣಿಕಟ್ಟಿನಿಂದ ಕೆಳಗೆ ಕೈಯೇ ಇಲ್ಲ. ವಾರವಿಡೀ ತಿಳಿಯಾಗಿಸಿದ್ದ ನೀರು ಬಗ್ಗಡವಾಗಿ, ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಒಳ್ಳೆಯ ಜೇಡಿಮಣ್ಣಿನ ಗಣಪತಿಗಳು, ಎಕೋ ಫ್ರೆಂಡ್ಲಿ, ಪೂರ್ತಿ ಕರಗಿದ್ದವು. ಜನರೆಲ್ಲ ಕೋಸಂಬರಿ ತಿಂದು, "ಮುಂದಿನ ವರ್ಷವೂ ಇಲ್ಲೇ, ಆಂಟಿ!" ಎಂದು ಹೊರಡುವಾಗ ನಮ್ಮವರ ಕಾರು ಬಂತು. ಅವರು ಟೇಪು ಹಿಡಿದುಕೊಂಡೇ ಹಿತ್ತಲಿಗೆ ಬಂದರು. ಏಣಿ ಹತ್ತಿದರು. ಕೆಸರಿನ ಮಧ್ಯೆ ರೇಷ್ಮೆ ಸೀರೆಯಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಆಪರೇಷನ್ ಥಿಯೇಟರಿನಲ್ಲಿ ಅತ್ಯಂತ ಕೆಟ್ಟ ಹೊತ್ತಿನಲ್ಲಿ ಬರುತ್ತಿತ್ತಂತೆ ಅವರಿಗೆ ಒಂದು ಶಾಂತ ಸ್ವರ, ಅದು ಬಂತು. "ಸುಮೀ, ಪೇಷೆಂಟ್ ಈಸ್ ಕ್ರಿಟಿಕಲ್."

"ಇನ್ನೊಂದು ವಾರ ಕೊಡಿ, ರೀ" ಎಂದೆ.

"ಮುಂದಿನ ಭಾನುವಾರದ ತನಕ. ಸೋಮವಾರ ಗ್ರೀನ್‌ಹೌಸಿಗೆ ವ್ಯಾನ್ ಹೇಳಿದ್ದೀನಿ. ಟೆಸ್ಟು ನಾನೇ ಮಾಡೋನು."

ಮೂರು ದಿನ ಪಂಪು ಓಡಿಸಿದೆ. ಪಂಪಿನಲ್ಲಿ ನೀರು ಸೋಸುವ ಕಾಗದದ ಫಿಲ್ಟರು ಮಣ್ಣು ಕುಡಿದು ಕುಡಿದು ಇಡ್ಲಿಯಂತೆ ಊದಿಕೊಂಡಿತು. ನೀರು ಮಾತ್ರ ಕಾಫಿಯಿಂದ ಟೀಗೆ ಬಂತು, ಅಷ್ಟೆ. ನನಗೆ ಅಳು ಬಂತು ಎಂದರೆ ನಗಬೇಡಿ. ಬೇರೇನಿಲ್ಲ, ಮೇ ತಿಂಗಳು ಬರುತ್ತದೆ, ಆಕಾಶ ಬರುತ್ತದೆ, ವಿಮಾನ ಬರುತ್ತದೆ, ಅದನ್ನು ನೋಡಲು ನಾನು ಹೀರೆಬಳ್ಳಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂರಬೇಕಲ್ಲ ಎಂದು. ಬುಧವಾರ ಬೆಳಿಗ್ಗೆ ಬಾತ್‌ರೂಮಿನಲ್ಲಿ ಮುಖ ತೊಳೆಯುತ್ತ ನಿಂತಿದ್ದಾಗ ಕನ್ನಡಿಯ ಮುಂದೆ ನಮ್ಮವರ ಶೇವಿಂಗ್ ಸೆಟ್ಟಿನ ಪಕ್ಕ ಕೂತಿದ್ದ ಪಟಿಕದ ಕಲ್ಲು ಕಣ್ಣಿಗೆ ಬಿತ್ತು. ಶೇವ್ ಮಾಡುವಾಗ ಗಾಯವಾದರೆ ಒತ್ತಿಕೊಳ್ಳಲು ಅವರು ಮೈಸೂರಿನಿಂದ ತರಿಸುವ, ಕಲ್ಲುಸಕ್ಕರೆಯಂಥ ಬಿಳಿಯ ಕಲ್ಲು. ನೋಡುತ್ತ ನೋಡುತ್ತ ನಮ್ಮ ಅಮ್ಮ ನೆನಪಾದಳು. ಮಳೆಗಾಲದಲ್ಲಿ ನಲ್ಲಿಯಲ್ಲಿ ಕೆಂಪು ನೀರು ಬಂದರೆ ಅವಳು ಇಂಥದೇ ಕಲ್ಲನ್ನು ಕೊಳದಪ್ಪಲೆಯಲ್ಲಿ ಗರಗರ ತಿರುಗಿಸಿ ಇಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಮಣ್ಣೆಲ್ಲ ತಳ ಹಿಡಿದು ಮೇಲೆ ತಿಳಿನೀರು. ಕಾನ್ವೆಂಟಿನ ಕೆಮಿಸ್ಟ್ರಿಯಲ್ಲಿ ನಾನು ಆಲಂ ಬಗ್ಗೆ ಬರೆದು ಪಾಸಾದವಳು. ಆದರೂ ನೆನಪಾದದ್ದು ಅಮ್ಮನ ಬಳೆ ಕೊಳದಪ್ಪಲೆಗೆ ತಾಗುವ ಸದ್ದು.

ಕೊಳದಪ್ಪಲೆಗೆ ಒಂದು ಕಲ್ಲು ಸಾಕು, ಸ್ವಿಮ್ಮಿಂಗ್ ಪೂಲಿಗೆ? ಶಾಂತಕ್ಕನಿಗೆ ಫೋನ್ ಮಾಡಿದೆ. ಅಪರಾಧ ಪ್ರಜ್ಞೆ ಅವರನ್ನು ಆಗಲೇ ಹಣ್ಣು ಮಾಡಿತ್ತು. "ಮಣ್ಣ ತಂದವ್ರ ಪಟಿಕಾ ತರಬೇಕ್ರೀ, ಅದಽ ನ್ಯಾಯ" ಎಂದು, ನಾಲ್ಕು ಮಂದಿಗೆ ಹೇಳುವ ಅದೇ ಉತ್ಸಾಹದಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿಸಿದರು. ಸ್ಪಾರ್ಕ್‌ಹಿಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಅವತ್ತು ಏಕಾಏಕಿ ಕನ್ನಡಿಗರೆಲ್ಲ ಪಟಿಕ ಕೇಳುತ್ತ ಬಂದದ್ದನ್ನು ನೋಡಿ ಅಂಗಡಿಯವರು ನಮ್ಮಲ್ಲಿ ಏನೋ ಹೊಸ ಕಾಯಿಲೆ ಎದ್ದಿದೆ ಎಂದುಕೊಂಡರಂತೆ. ಸಂಜೆಗೆ ಡೈನಿಂಗ್ ಟೇಬಲ್ಲಿನ ಮೇಲೆ ಪಟಿಕದ ಗುಡ್ಡೆ. ನಾನು, ಶಾಂತಕ್ಕ, ಮೌರೀನ್ ಮೂವರೂ ಕೂತು ಒರಳಿನಲ್ಲಿ ಕುಟ್ಟಿ, ಬಿಸಿನೀರಿನಲ್ಲಿ ಕರಗಿಸಿದೆವು. ಕೊನೆಗೆ ಸ್ವಲ್ಪ ಸಾಲದೇನೋ ಎನ್ನಿಸಿ ಬಾತ್‌ರೂಮಿನ ಕಲ್ಲನ್ನೂ ತಂದು ಕುಟ್ಟಿದೆ. ಯಾರಿಗೂ ಹೇಳಲಿಲ್ಲ. ನೀರಿಗೆ ಸುರಿದು, ಅಗಲವಾಗಿ ಸುತ್ತು ಹಾಕಿ ಕದಡಿ, ಪಂಪು ಆರಿಸಿ, ಇನ್ನು ಯಾರೂ ಮುಟ್ಟಬಾರದು ಎಂದೆ. ಮೌರೀನ್ ಪಿಸುಗುಟ್ಟಿದಳು: "ಡು ವೀ ಪ್ರೇ ನೌ?" ಶಾಂತಕ್ಕ ಅಂದರು, "ಹೂಂ ಅನ್ರಿ ಆಕಿಗೆ. ಯಾರ ದೇವ್ರಾದ್ರೂ ನಡೀತದ."

ಬೆಳಿಗ್ಗೆ ಎದ್ದು, ಹಲ್ಲೂ ಉಜ್ಜದೆ, ಏಣಿ ಹತ್ತಿ ನೋಡಿದೆ. ಮೇಲೆ ತಿಳಿನೀರು. ಕೆಳಗೆ ಮೆತ್ತನೆಯ ಮಣ್ಣಿನ ಹಾಸಿಗೆಯಾಗಿ ಗಣಪತಿಗಳೆಲ್ಲ ಒಟ್ಟಾಗಿ ಮಲಗಿದ್ದರು. ಅದನ್ನು ಕದಡದೆ ಹೊರಗೆ ತೆಗೆಯಬೇಕಿತ್ತು. ಮೌರೀನಳ ಅಪ್ಪ ಮನೆಯಲ್ಲೇ ವೈನ್ ಮಾಡುತ್ತಿದ್ದನಂತೆ. ಪೈಪಿನ ಒಂದು ತುದಿಯನ್ನು ತಳಕ್ಕೆ ಬಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿ ಹೀರಿ ಕೆಳಗೆ ಬಿಟ್ಟರೆ ನೀರು ತಾನೇ ಹರಿಯುತ್ತದೆಂದು ತೋರಿಸಿದಳು. ಹೀರುವಾಗ ಒಂದು ಗುಟುಕು ಬಾಯಿಗೂ ಹೋಯಿತು. ಉಗಿದು, ಯೋಚಿಸಿ, "ಟೇಸ್ಟ್ಸ್ ಲೈಕ್ ಚರ್ಚ್" ಎಂದಳು. ಎರಡು ದಿನ ನಾವು ಸರದಿಯ ಮೇಲೆ ಆ ಪೈಪನ್ನು, ಮಗುವಿನ ಮೂಗು ಒರೆಸುವಷ್ಟು ನಾಜೂಕಾಗಿ, ತಳದಲ್ಲಿ ಆಡಿಸಿದೆವು. ಮಣ್ಣು ಅವಳ ಗುಲಾಬಿ ಗಿಡಗಳ ಬುಡ ಸೇರಿತು. ಚಳಿಗಾಲಕ್ಕೆ ಹೇಗೂ ನೀರು ಅಂಚಿನಿಂದ ಇಳಿಸಬೇಕಿತ್ತಲ್ಲ, ಅದೂ ಇಳಿಯಿತು. ಕ್ಲೋರೀನು ಹಾಕಿದ್ದಾಯಿತು. ಭಾನುವಾರ ಬಂತು.

ನಮ್ಮವರು ಟೆಸ್ಟಿಗೆ ಬಂದಾಗ ಅವರ ಗಲ್ಲದ ಮೇಲೆ ಟಿಶ್ಯೂ ಪೇಪರಿನ ಚೂರೊಂದು ಅಂಟಿಕೊಂಡಿತ್ತು, ನಡುವೆ ಕೆಂಪು ಚುಕ್ಕೆ. ಅವರು ಕಲ್ಲಿನ ಬಗ್ಗೆ ಏನೂ ಕೇಳಲಿಲ್ಲ. ನಾನೂ ಗಲ್ಲದ ಬಗ್ಗೆ ಏನೂ ಕೇಳಲಿಲ್ಲ. ಅವರ ಕೈಯಲ್ಲಿ ನಮ್ಮ ಊಟದ ಸ್ಟೀಲ್ ತಟ್ಟೆ. ಮದುವೆಯಲ್ಲಿ ನಮ್ಮ ದೊಡ್ಡಮ್ಮ ಕೊಟ್ಟದ್ದು. ಅಂಚಿನ ಒಳಗಡೆ ಚುಕ್ಕೆ ಚುಕ್ಕೆಯಾಗಿ ನನ್ನ ಹೆಸರು ಕೊರೆಸಿದ್ದಾರೆ, ನಮ್ಮ ಕಡೆ ಪಾತ್ರೆಗೆ ಹೆಸರು ಹಾಕಿಸುತ್ತಾರಲ್ಲ, ಹಾಗೆ. "ಸಿಂಪಲ್ ಟೆಸ್ಟ್" ಎಂದರು. "ಇದನ್ನ ಮುಳುಗಿಸ್ತೀನಿ. ಮೇಲಿಂದ ಹೆಸರು ಓದೋಕಾದರೆ ಪೂಲ್ ನಿನ್ನದು. ಇಲ್ಲದಿದ್ದರೆ ನಾಳೆ ವ್ಯಾನು." ಶಾಂತಕ್ಕ ನನ್ನ ಕೈ ಹಿಡಿದುಕೊಂಡರು. ಮೌರೀನ್ ಬೇಲಿಯ ಆಚೆ ತನ್ನ ಕುರ್ಚಿ ಹತ್ತಿದಳು. ನಮ್ಮವರು ತಟ್ಟೆಯನ್ನು ನೀರಿನ ಮೇಲೆ ಇಟ್ಟು ಬಿಟ್ಟರು. ಅದು ಒಂದು ಕ್ಷಣ ತೇಲಿ, ಒಂದು ಪಕ್ಕ ವಾಲಿ, ಒಣಗಿದ ಎಲೆಯ ಹಾಗೆ ಆ ಕಡೆ ಈ ಕಡೆ ಜಾರುತ್ತ ಇಳಿದು ತಳ ಸೇರಿತು.

ಅವರು ಏಣಿಯ ಮೇಲೆ ಬಗ್ಗಿದರು. ಕನ್ನಡಕ ಸರಿಮಾಡಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ, ಹತ್ತರಿಂದ ಹಿಂದಕ್ಕೆ ಎಣಿಸು ಎಂದ ಆ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಓದಿದರು: "ಚಿ. ಸೌ. ಸುಮಿತ್ರಾ."

ಶಾಂತಕ್ಕ ಚಪ್ಪಾಳೆ ಹೊಡೆದರು. "ನಮ್ಮ ಗಣಪ್ಪ ಗೆದ್ದಾ ನೋಡ್ರಿ!" ಮೌರೀನ್ ಕುರ್ಚಿಯ ಮೇಲೆ ಕುಣಿಯಲು ಹೋಗಿ ಬೇಲಿ ಹಿಡಿದುಕೊಂಡಳು. ನಮ್ಮವರು ಫೋನ್ ತೆಗೆದು ಡರ್ಬಿಯ ಗೆಳೆಯರಿಗೆ ವ್ಯಾನು ಬೇಡವೆಂದು ಹೇಳುತ್ತ ದಿಂಬಿಗೆ ಗಾಳಿ ತುಂಬಲು ಹೊರಟರು. ನನಗೂ ನನ್ನ ಹೆಸರನ್ನು ಒಂದು ಸಲ ನೀರಿನಡಿ ನೋಡುವ ಆಸೆಯಾಗಿ ಏಣಿ ಹತ್ತಿ ಬಗ್ಗಿದೆ. ನೀರು ಅಷ್ಟು ತಿಳಿಯಾಗಿತ್ತು, ಎಷ್ಟೆಂದರೆ, ತಟ್ಟೆ ಬೋರಲಾಗಿ ಬಿದ್ದಿರುವುದು ನನಗೆ ಸ್ಪಷ್ಟವಾಗಿ ಕಂಡಿತು. ಹೆಸರು ಕೆಳಗೆ ಮುಖಮಾಡಿ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡಿತ್ತು. ಮೇಲೆ ಕಾಣುತ್ತಿದ್ದದ್ದು ಸ್ಟೀಲಿನ ಬರಿಯ ಬೆನ್ನು.

ಶಾಲೆಯಲ್ಲಿ ಮಾರಲ್ ಸೈನ್ಸಿಗೆ ನನಗೆ ಸತತವಾಗಿ ಮೊದಲ ಬಹುಮಾನ. ಆ ಹುಡುಗಿಯಾಗಿದ್ದರೆ ಅಲ್ಲೇ ಕೈ ಎತ್ತಿ, "ಎಕ್ಸ್‌ಕ್ಯೂಸ್ ಮಿ, ದ ಪ್ಲೇಟ್ ಈಸ್ ಅಪ್‌ಸೈಡ್ ಡೌನ್" ಎನ್ನುತ್ತಿದ್ದಳು. ನಾನು ಏಣಿ ಇಳಿದೆ. "ರೀ, ಬೇಗ ಬನ್ನಿ, ಹೊದಿಕೆಯ ಆ ತುದಿ ಹಿಡ್ಕೊಳ್ಳಿ, ಮಳೆ ಬರೋ ಹಾಗಿದೆ" ಎಂದೆ. ಮಳೆ ಬರುವ ಹಾಗೇನೂ ಇರಲಿಲ್ಲ. ತಟ್ಟೆ ತೆಗೆಯಬೇಕಲ್ಲ ಎಂದು ಯಾರಾದರೂ ನೆನಪಿಸುವ ಮೊದಲೇ ಹಗ್ಗ ಬಿಗಿದು ಗಂಟು ಹಾಕಿಬಿಟ್ಟೆ.

ಈಗ ಅದು ಅಲ್ಲೇ ಇದೆ, ಮಂಜಿನ ಕೆಳಗೆ, ದಿಂಬಿನ ಕೆಳಗೆ. ನಮ್ಮವರು ಊಟಕ್ಕೆ ಕೂತಾಗ ಬೇರೆ ತಟ್ಟೆ ಹಾಕುತ್ತೇನೆ. ಆ ತಟ್ಟೆ ಎಲ್ಲಿ ಎಂದು ಅವರು ಕೇಳುವುದಿಲ್ಲ. ಆದರೆ ಮೇ ತಿಂಗಳಲ್ಲಿ ಪೂಲ್ ತೆರೆಯುವ ದಿನ ಎಲ್ಲರೂ ಬಂದು ಸುತ್ತ ನಿಲ್ಲುತ್ತಾರಲ್ಲ, ಆಗ? ಅವರ ಓದಿನ ಮಾನ ಉಳಿಯಬೇಕಾದರೆ ಎಲ್ಲರಿಗಿಂತ ಮೊದಲು ನಾನು ನೀರಿನ ತಳಕ್ಕೆ ಹೋಗಿ ತಟ್ಟೆಯನ್ನು ಮಗುಚಿ ಇಡಬೇಕು. ಅದಕ್ಕೆ ತಲೆ ಪೂರ್ತಿ ಮುಳುಗಬೇಕು. ಈ ಜನ್ಮದಲ್ಲಿ ನಾನು ಮಾಡದ ಕೆಲಸ ಅದು. ಆದ್ದರಿಂದ ದಿನವೂ ಬಾತ್‌ಟಬ್ಬಿನಲ್ಲಿ ಮೂಗು ಹಿಡಿದುಕೊಂಡು ಪ್ರಾಕ್ಟೀಸ್ ನಡೆಸಿದ್ದೇನೆ. ಒಳಗೆ ಬಹಳ ಹೊತ್ತು ಸದ್ದಿಲ್ಲದಿದ್ದರೆ ನಮ್ಮವರು ಹೊರಗಿನಿಂದ ಬಾಗಿಲು ಬಡಿಯುತ್ತಾರೆ. "ಸುಮೀ, ಉಸಿರಾಡ್ತಿದೀಯಾ?" ಆಡುತ್ತಿದ್ದೇನೆ ಎಂದು ಹೇಳಲು ಬಾಯಿ ತೆರೆದಾಗಲೆಲ್ಲ ಅರ್ಧ ಟಬ್ ನೀರು ಒಳಗೆ ಹೋಗುತ್ತದೆ.